ಗುರುವಾರ ನಾಲ್ಕು ಗಂಟೆಯಿಂದ ಹಿಂದಕ್ಕೆ

ಅಮೆರಿಕದ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವುದು ನವೆಂಬರಿನ ನಾಲ್ಕನೇ ಗುರುವಾರ. ಅಡುಗೆಮನೆಯಲ್ಲಿ ಅದು ಶುರುವಾಗುವುದು ಮಾತ್ರ ಹಿಂದಿನ ಶನಿವಾರ ರಾತ್ರಿ, ಟರ್ಕಿ ಕೋಳಿಯನ್ನು ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ಹಲಗೆಗೆ ಇಡುವಾಗ. ಹತ್ತು ಜನರ ಊಟಕ್ಕೆ 14 ಪೌಂಡಿನ ಕೋಳಿ ಬೇಕು, ಅಂದರೆ ಆರೂಕಾಲು ಕೆ.ಜಿ.ಗಿಂತ ತುಸು ಹೆಚ್ಚು. ತಲೆಗೆ ಒಂದರಿಂದ ಒಂದೂವರೆ ಪೌಂಡ್ ಎಂದು ಹಿಡಿಯುವುದು ರೂಢಿ. ಮೂಳೆಯ ತೂಕವೂ ಮರುದಿನಕ್ಕೆ ಉಳಿಯುವುದೂ ಆ ಲೆಕ್ಕದಲ್ಲೇ ಸೇರಿದೆ. ಇಷ್ಟು ದೊಡ್ಡ ಕೋಳಿ ಅಂಗಡಿಯಿಂದ ಬರುವಾಗ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತದೆ. ಫ್ರಿಜ್ಜಿನೊಳಗೆ ಅದು 24 ಗಂಟೆಗೆ ನಾಲ್ಕೈದು ಪೌಂಡಿನಷ್ಟು ಮಾತ್ರ ಕರಗುತ್ತದೆ. ಶನಿವಾರ ರಾತ್ರಿ ಇಟ್ಟರೆ ಬುಧವಾರ ಬೆಳಿಗ್ಗೆಗೆ ಸಿದ್ಧ. ಸೋಮವಾರ ನೆನಪಾದರೆ ಗುರುವಾರ ಬೆಳಿಗ್ಗೆಯೂ ಹೊಟ್ಟೆಯೊಳಗೆ ಐಸ್ ಗಡ್ಡೆ ಇರುತ್ತದೆ.

ಬೇಗ ಕರಗಲಿ ಎಂದು ಅಡುಗೆಕಟ್ಟೆಯ ಮೇಲೆ ಹೊರಗಿಡಬಾರದು. ಒಳಗಿನ ಮಾಂಸ ಇನ್ನೂ ಗಟ್ಟಿಯಾಗಿರುವಾಗಲೇ ಹೊರಗಿನ ಚರ್ಮ 4 ಡಿಗ್ರಿ ಸೆಲ್ಸಿಯಸ್ ದಾಟಿ, ಬ್ಯಾಕ್ಟೀರಿಯಾ ಹೆಚ್ಚುವ ಬಿಸಿಗೆ ಬಂದುಬಿಡುತ್ತದೆ. ಮರೆತವರಿಗೆ ತಣ್ಣೀರಿನ ದಾರಿ ಇದೆ: ನೀರು ಒಳಗೆ ಹೋಗದ ಹಾಗೆ ಚೀಲದಲ್ಲಿ ಕಟ್ಟಿ, ಸಿಂಕಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಿರಬೇಕು. ಪೌಂಡಿಗೆ ಅರ್ಧ ಗಂಟೆ, 14 ಪೌಂಡಿಗೆ ಏಳು ಗಂಟೆ. ಹೀಗೆ ಕರಗಿಸಿದ್ದನ್ನು ತಕ್ಷಣ ಬೇಯಿಸಬೇಕು. ಅದಕ್ಕೂ ಹೊತ್ತಿಲ್ಲದಿದ್ದರೆ ಹೆಪ್ಪುಗಟ್ಟಿದ್ದನ್ನೇ ನೇರವಾಗಿ ಓವನ್ನಿಗೆ ಇಡಬಹುದು. ಬೇಯಲು ಒಂದೂವರೆ ಪಟ್ಟು ಹೊತ್ತು ಹಿಡಿಯುತ್ತದೆ, ಆದರೆ ಅಪಾಯವಿಲ್ಲ. ಯಾವ ದಾರಿ ಹಿಡಿದರೂ ಕತ್ತಿನ ಕಡೆಯ ಮತ್ತು ಹೊಟ್ಟೆಯ ಪೊಟರೆ ಎರಡನ್ನೂ ಕೈಹಾಕಿ ನೋಡಬೇಕು. ಕತ್ತು, ಈಲಿ, ಗುಂಡಿಗೆಯನ್ನು ಪುಟ್ಟ ಚೀಲದಲ್ಲಿ ಕಟ್ಟಿ ಒಳಗೇ ಇಟ್ಟಿರುತ್ತಾರೆ. ಮೊದಲ ಸಲ ಮಾಡುವವರು ಎಷ್ಟೋ ಜನ ಚೀಲದ ಸಮೇತ ಬೇಯಿಸಿಬಿಡುತ್ತಾರೆ.

ಈ ಹಬ್ಬಕ್ಕೆ ಪೂಜೆಯಿಲ್ಲ, ಪಟಾಕಿಯಿಲ್ಲ, ಉಡುಗೊರೆಯಿಲ್ಲ. ಸ್ವಾತಂತ್ರ್ಯ ದಿನವಾದ ಜುಲೈ 4ಕ್ಕೆ ಬಾಣಬಿರುಸು ಇದೆ, ಹ್ಯಾಲೋವೀನಿಗೆ ವೇಷ ಇದೆ, ಕ್ರಿಸ್‌ಮಸ್ಸಿಗೆ ಚರ್ಚೂ ಮರವೂ ಇವೆ. ಥ್ಯಾಂಕ್ಸ್‌ಗಿವಿಂಗ್‌ಗೆ ಇರುವುದು ಒಂದು ಊಟ, ಅಷ್ಟೇ. ಆ ಊಟದ ಯಾವ ಪದಾರ್ಥವೂ ಕಷ್ಟದ್ದಲ್ಲ. ಹೋಳಿಗೆ ತಟ್ಟುವಷ್ಟು ಕೈಚಳಕ ಅದರಲ್ಲಿ ಯಾವುದಕ್ಕೂ ಬೇಡ. ಕಷ್ಟ ಇರುವುದು ಬೇರೆ ಕಡೆ. ಏಳೆಂಟು ಪದಾರ್ಥಗಳು ಒಂದೇ ಹೊತ್ತಿಗೆ ಬಿಸಿಯಾಗಿ ಮೇಜಿಗೆ ಬರಬೇಕು, ಮನೆಯಲ್ಲಿರುವುದು 30 ಇಂಚು ಅಗಲದ ಒಂದೇ ಓವನ್, ಅದರಲ್ಲಿ ನಾಲ್ಕು ಗಂಟೆ ಕೋಳಿಯೇ ಕೂತಿರುತ್ತದೆ. ಹಾಗಾಗಿ ಈ ಅಡುಗೆಯನ್ನು ಬಲ್ಲವರು ಪಾಕವಿಧಾನದ ಪುಸ್ತಕಕ್ಕಿಂತ ಮೊದಲು ಒಂದು ಹಾಳೆ, ಒಂದು ಪೆನ್ಸಿಲ್ ತೆಗೆದುಕೊಳ್ಳುತ್ತಾರೆ. ಊಟದ ಹೊತ್ತನ್ನು ಮೇಲೆ ಬರೆದು, ಅಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತಾರೆ.

ಊಟ ಸಂಜೆ ನಾಲ್ಕಕ್ಕೆ ಎಂದಿಟ್ಟುಕೊಳ್ಳೋಣ. ಈ ದಿನದ ಊಟ ಮಧ್ಯಾಹ್ನದ್ದೂ ಅಲ್ಲ, ರಾತ್ರಿಯದೂ ಅಲ್ಲ. ಎರಡರಿಂದ ಐದರ ನಡುವೆ ಎಲ್ಲೋ ಕೂರುತ್ತಾರೆ. ನಾಲ್ಕಕ್ಕೆ ಬಡಿಸಬೇಕಾದರೆ ಮೂರೂವರೆಗೆ ಕೋಳಿ ಕತ್ತರಿಸಲು ಶುರು. ಅದಕ್ಕೂ ಮೊದಲು ಮುಕ್ಕಾಲು ಗಂಟೆ ಕೋಳಿ ಹೊರಗೆ ಸುಮ್ಮನೆ ಕೂತಿರಬೇಕು, ಹಾಗಾದರೆ 2.45ಕ್ಕೆ ಓವನ್ನಿನಿಂದ ಹೊರಗೆ. 325 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ 163 ಸೆಲ್ಸಿಯಸ್‌ನಲ್ಲಿ, ಹೂರಣ ತುಂಬದ 14 ಪೌಂಡಿನ ಕೋಳಿಗೆ ಹೆಚ್ಚೆಂದರೆ ಮೂರೂಮುಕ್ಕಾಲು ಗಂಟೆ. ಅಲ್ಲಿಗೆ 11ಕ್ಕೆ ಒಳಗೆ ಹೋಗಬೇಕು, ಹತ್ತೂವರೆಗೆ ಓವನ್ ಹಚ್ಚಬೇಕು. ಕೋಳಿ ಹೊರಗೆ ಕೂತಿರುವ ಆ ಮುಕ್ಕಾಲು ಗಂಟೆಯ ಮೇಲೆಯೇ ಇಡೀ ಊಟ ನಿಂತಿದೆ. ಕೋಳಿಯ ಮಾಂಸ ತನ್ನ ರಸವನ್ನು ಹಿಡಿದುಕೊಳ್ಳುವುದು ಆಗಲೇ, ಉಳಿದೆಲ್ಲ ತಟ್ಟೆಗಳಿಗೆ ಓವನ್ ಸಿಗುವುದೂ ಆಗಲೇ.

ಉಪ್ಪು ಬುಧವಾರ ಬೆಳಿಗ್ಗೆಯ ಕೆಲಸ. ಕೋಳಿಯನ್ನು ತೊಳೆಯಬೇಡಿ, ತೊಳೆದರೆ ಬ್ಯಾಕ್ಟೀರಿಯಾ ಸಿಂಕಿನ ಸುತ್ತ ಹರಡುವುದೇ ಹೊರತು ಹೋಗುವುದಿಲ್ಲ. ಪೇಪರಿನಿಂದ ಒರೆಸಿ, ಸುಮಾರು 3 ದೊಡ್ಡ ಚಮಚ ಕೋಷರ್ ಉಪ್ಪನ್ನು (ದಪ್ಪ ಹರಳಿನ ಉಪ್ಪು) ಮೈಗೆಲ್ಲ, ಎದೆಯ ಚರ್ಮದ ಅಡಿಗೂ ಉಜ್ಜಿ, ಏನನ್ನೂ ಮುಚ್ಚದೆ ಫ್ರಿಜ್ಜಿನಲ್ಲಿಡಬೇಕು. ಸಾಮಾನ್ಯ ಪುಡಿ ಉಪ್ಪಾದರೆ ಅರ್ಧ ಸಾಕು, ಅದು ಚಮಚದಲ್ಲಿ ಒತ್ತಾಗಿ ಕೂರುತ್ತದೆ. ಉಪ್ಪು ಮೊದಲು ನೀರನ್ನು ಹೊರಗೆಳೆಯುತ್ತದೆ, ಆಮೇಲೆ ಆ ಉಪ್ಪುನೀರು ಮೆಲ್ಲಗೆ ಮಾಂಸದೊಳಗೆ ಇಳಿಯುತ್ತದೆ. ಅದರಿಂದ ಮಾಂಸದ ಪ್ರೋಟೀನು ಸಡಿಲವಾಗಿ, ಬೇಯುವಾಗ ಹಿಂಡಿಹೋಗದೆ ನೀರನ್ನು ಹಿಡಿದಿಡುತ್ತದೆ. ಮುಚ್ಚದೆ ಇಟ್ಟ ಚರ್ಮ ಒಣಗಿ ಕಾಗದದಂತಾಗುತ್ತದೆ, ಓವನ್ನಿನಲ್ಲಿ ಗರಿಗರಿಯಾಗುವುದು ಅಂಥ ಚರ್ಮವೇ. ಒಂದು ಎಚ್ಚರಿಕೆ: ಅಂಗಡಿಯ ಅನೇಕ ಕೋಳಿಗಳಿಗೆ ಮೊದಲೇ ಉಪ್ಪಿನ ದ್ರಾವಣ ಚುಚ್ಚಿರುತ್ತಾರೆ. ಚೀಲದ ಮೇಲೆ ಶೇಕಡಾ ಇಷ್ಟು ದ್ರಾವಣ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಅದಕ್ಕೆ ಮತ್ತೆ ಉಪ್ಪು ಹಚ್ಚಿದರೆ ಗ್ರೇವಿ ಬಾಯಿಗೆ ಇಡಲಾಗದಷ್ಟು ಉಪ್ಪಾಗುತ್ತದೆ.

ಟರ್ಕಿ ಒಣಕಲು ಎಂಬ ದೂರು ಎಲ್ಲ ಕಡೆ ಇದೆ, ದೂರು ನಿಜವೇ. ಒಂದೇ ಹಕ್ಕಿಯಲ್ಲಿ ಎರಡು ಬಗೆಯ ಮಾಂಸ ಇರುವುದೇ ಅದಕ್ಕೆ ಕಾರಣ. ಎದೆಯ ಬಿಳಿ ಮಾಂಸ 165 ಡಿಗ್ರಿ ಫ್ಯಾರನ್‌ಹೀಟ್ (74 ಸೆಲ್ಸಿಯಸ್) ದಾಟಿದ ಮೇಲೆ ನಿಮಿಷ ನಿಮಿಷಕ್ಕೂ ನಾರಾಗುತ್ತಾ ಹೋಗುತ್ತದೆ. ತೊಡೆಯಲ್ಲಿರುವ ಬಿಗಿ ನಾರು ಮೆತ್ತಗಾಗಬೇಕಾದರೆ 175 ಡಿಗ್ರಿಯಾದರೂ ಬೇಕು. ಓವನ್ನಿನಲ್ಲಿ ಎದೆ ಮೇಲಿರುತ್ತದೆ, ತೊಡೆ ಕೆಳಗೆ ಮರೆಯಲ್ಲಿರುತ್ತದೆ. ಕಡಿಮೆ ಬೇಯಬೇಕಾದದ್ದು ಬಿಸಿಗೆ ಮುಂದಾಗಿ, ಹೆಚ್ಚು ಬೇಯಬೇಕಾದದ್ದು ಹಿಂದಾಗಿ ಕೂತಿರುತ್ತದೆ. ಚರ್ಮ ಕೆಂಪಗಾದ ಕೂಡಲೇ ಎದೆಗೆ ಅಲ್ಯೂಮಿನಿಯಂ ಹಾಳೆ ಹೊದಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಇನ್ನೂ ಒಳ್ಳೆಯ ಉಪಾಯವೆಂದರೆ ಬೆನ್ನುಮೂಳೆಯನ್ನು ಗಟ್ಟಿ ಕತ್ತರಿಯಿಂದ ಕತ್ತರಿಸಿ ತೆಗೆದು, ಎದೆಮೂಳೆಯನ್ನು ಅಂಗೈಯಿಂದ ಒತ್ತಿ ಲಟಕ್ಕೆನಿಸಿ, ಕೋಳಿಯನ್ನು ಪುಸ್ತಕದಂತೆ ಬಿಡಿಸಿ ಮಲಗಿಸುವುದು. ಆಗ ತೊಡೆಗೂ ಎದೆಗೂ ಒಂದೇ ಬಿಸಿ. ಓವನ್ ಬಿರುಸಾಗಿದ್ದರೆ ಸುಮಾರು ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಮೇಜಿನ ನಡುವೆ ಇಡೀ ಕೋಳಿ ಕೂರಿಸುವ ಚಿತ್ರದಂಥ ನೋಟ ತಪ್ಪುತ್ತದೆ ಎಂದು ಹಿರಿಯರು ಒಪ್ಪುವುದಿಲ್ಲ. ರುಚಿ ನೋಡಿದರೆ ಇದೇ ಮೇಲು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಗಡಿಯಾರ ನೋಡಿ ಕೋಳಿ ತೆಗೆಯಬಾರದು, ಥರ್ಮಾಮೀಟರ್ ನೋಡಿ ತೆಗೆಯಬೇಕು. ತೊಡೆ ಮೈಗೆ ಸೇರುವಲ್ಲಿನ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಬೇಕು. ಮೂಳೆ ತಾಗಿದರೆ ಲೆಕ್ಕ ತಪ್ಪುತ್ತದೆ. ಎದೆಯಲ್ಲಿ ಹುದುಗಿಸಿರುವ ಪ್ಲಾಸ್ಟಿಕ್ ಗುಂಡಿ ಮೇಲೇಳುವವರೆಗೆ ಕಾದರೆ ಎದೆ ಒಣಗಿಯೇ ಹೋಗಿರುತ್ತದೆ. ಅರ್ಧ ಗಂಟೆಗೊಮ್ಮೆ ಬಾಗಿಲು ತೆರೆದು ರಸ ಎರೆಯುವ ಹಳೆಯ ಪದ್ಧತಿಯಿಂದ ಲಾಭವಿಲ್ಲ. ಪ್ರತಿ ಸಲವೂ ಓವನ್ನಿನ ಬಿಸಿ ಹೊರಹೋಗುತ್ತದೆ, ಎರೆದ ರಸ ಚರ್ಮದ ಮೇಲೆ ಹರಿದು ಕೆಳಗೆ ಬೀಳುತ್ತದೆ. ಕೋಳಿಯ ಹೊಟ್ಟೆಗೆ ಬ್ರೆಡ್ ತುಂಬಿ ಬೇಯಿಸುವವರೂ ಇದ್ದಾರೆ. ಹಸಿ ಮಾಂಸದ ರಸ ಹೀರಿದ ಆ ಬ್ರೆಡ್ಡಿನ ನಡುಭಾಗವೂ 165 ಡಿಗ್ರಿ ತಲುಪಲೇಬೇಕು, ಅಷ್ಟು ಹೊತ್ತಿಗೆ ಎದೆ ಹೋಗಿರುತ್ತದೆ. ಬ್ರೆಡ್ಡನ್ನು ಬೇರೆ ತಟ್ಟೆಯಲ್ಲೇ ಬೇಯಿಸುವುದು ಒಳ್ಳೆಯದು. ದಕ್ಷಿಣದ ರಾಜ್ಯಗಳಲ್ಲಿ ಅದನ್ನು ಸ್ಟಫಿಂಗ್ ಎನ್ನದೆ ಡ್ರೆಸ್ಸಿಂಗ್ ಎನ್ನುತ್ತಾರೆ, ಗೋಧಿ ಬ್ರೆಡ್ಡಿನ ಬದಲು ಮುಸುಕಿನ ಜೋಳದ ಬ್ರೆಡ್ ಹಾಕುತ್ತಾರೆ.

ಕೋಳಿಯನ್ನು ಇಡಿಯಾಗಿ ಎಣ್ಣೆಯಲ್ಲಿ ಕರಿಯುವ ಪದ್ಧತಿಯ ಬಗ್ಗೆ ಎಚ್ಚರ ಹೇಳದೆ ಇರಲಾಗದು. ಅಮೆರಿಕದಲ್ಲಿ ವರ್ಷದ ಯಾವ ದಿನಕ್ಕಿಂತಲೂ ಹೆಚ್ಚು ಅಡುಗೆಮನೆ ಬೆಂಕಿ ಅನಾಹುತ ಆಗುವುದು ಈ ಗುರುವಾರ. 350 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾದ ಕಡಲೆಕಾಯಿ ಎಣ್ಣೆಗೆ ಅರೆಬರೆ ಕರಗಿದ ಕೋಳಿ ಇಳಿಸಿದರೆ ಒಳಗಿನ ಐಸ್ ಕ್ಷಣದಲ್ಲಿ ಹಬೆಯಾಗುತ್ತದೆ. ನೀರು ಹಬೆಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಎಣ್ಣೆ ಉಕ್ಕಿ ಕೆಳಗಿನ ಗ್ಯಾಸ್ ಉರಿಗೆ ಸುರಿದರೆ ಮುಗಿಯಿತು. ಕರಿಯಲೇಬೇಕೆಂದರೆ ಕೋಳಿ ಪೂರ್ತಿ ಕರಗಿ ಒಣಗಿರಬೇಕು, ಜಾಗ ಮನೆಯಿಂದ ದೂರ ಬಯಲಿನಲ್ಲಿರಬೇಕು. ಎಷ್ಟು ಎಣ್ಣೆ ಎಂಬುದನ್ನು ಮೊದಲೇ ಖಾಲಿ ಪಾತ್ರೆಯಲ್ಲಿ ಕೋಳಿ ಇಟ್ಟು ಅದು ಮುಳುಗುವಷ್ಟು ನೀರು ಸುರಿದು, ಕೋಳಿ ತೆಗೆದ ಮೇಲೆ ನೀರು ಎಲ್ಲಿಗೆ ನಿಂತಿತೆಂದು ನೋಡಿ ಗುರುತು ಹಾಕಿಕೊಳ್ಳಬೇಕು. ಇಳಿಸುವಾಗ ಉರಿ ಆರಿಸಿರಬೇಕು.

ಪಕ್ಕದ ಪದಾರ್ಥಗಳನ್ನು ವಾರಕ್ಕೆ ಹಂಚಿಕೊಂಡರೆ ಗುರುವಾರ ಹಗುರಾಗುತ್ತದೆ. ಕ್ರ್ಯಾನ್‌ಬೆರಿ ಸಾಸ್ ಸೋಮವಾರವೇ ಆಗಲಿ. ಒಂದು ಚೀಲ ಹಣ್ಣು (12 ಔನ್ಸ್, 340 ಗ್ರಾಂ), ಒಂದು ಬಟ್ಟಲು ಸಕ್ಕರೆ, ಒಂದು ಬಟ್ಟಲು ನೀರು, ಹತ್ತು ನಿಮಿಷದ ಕುದಿ. ಹುಳಿಯಲ್ಲಿ ನಮ್ಮ ಕವಳೆಕಾಯಿಗೆ ಸಮ ಎನ್ನಬಹುದಾದ ಹಣ್ಣು ಇದು. ಹಣ್ಣು ಪಟಪಟನೆ ಒಡೆಯುತ್ತದೆ, ಅದರಲ್ಲಿರುವ ಪೆಕ್ಟಿನ್ ಆರಿದ ಮೇಲೆ ತಾನೇ ಗಟ್ಟಿಯಾಗಿಸುತ್ತದೆ. ಪಾತ್ರೆಯಲ್ಲಿ ನೀರಾಗಿ ಕಂಡಿತೆಂದು ಇನ್ನಷ್ಟು ಕುದಿಸಿದರೆ ಮರುದಿನ ಚಮಚ ಇಳಿಯದಷ್ಟು ಬಿಗಿಯುತ್ತದೆ. ದೇಶದ ಕ್ರ್ಯಾನ್‌ಬೆರಿಯಲ್ಲಿ ಅರ್ಧಕ್ಕಿಂತ ಹೆಚ್ಚು ವಿಸ್ಕಾನ್ಸಿನ್ ರಾಜ್ಯದ ಬೆಳೆ. ಡಬ್ಬಿಯಿಂದ ಜಾರಿಸಿ, ಡಬ್ಬಿಯ ಗೆರೆಗಳ ಸಮೇತ ತಟ್ಟೆಯಲ್ಲಿ ಮಲಗಿಸುವ ಸಾಸೇ ಬೇಕೆಂದು ಹಟ ಹಿಡಿಯುವ ಮನೆಗಳೂ ಬಹಳ. ಬಾಲ್ಯದ ರುಚಿ ಅದು, ಅದರ ಮುಂದೆ ವಾದ ನಡೆಯದು.

ಕುಂಬಳಕಾಯಿ ಪೈ, ಅಂದರೆ ಹಿಟ್ಟಿನ ಹಾಳೆಯೊಳಗೆ ಹೂರಣ ಸುರಿದು ಬೇಯಿಸುವ ಸಿಹಿ, ಬುಧವಾರದ್ದು. ಹೂರಣಕ್ಕೆ ಬೇಕಾದದ್ದು: 15 ಔನ್ಸಿನ ಒಂದು ಡಬ್ಬಿ ಕುಂಬಳದ ತಿರುಳು, 12 ಔನ್ಸಿನ ಒಂದು ಡಬ್ಬಿ ಇವಾಪೊರೇಟೆಡ್ (ನೀರಿನಂಶ ಇಳಿಸಿ ಗಟ್ಟಿಮಾಡಿದ) ಹಾಲು, ಎರಡು ಮೊಟ್ಟೆ, ಮುಕ್ಕಾಲು ಬಟ್ಟಲು ಸಕ್ಕರೆ, ಒಂದು ಚಿಕ್ಕ ಚಮಚ ಚಕ್ಕೆ ಪುಡಿ, ಅರ್ಧ ಚಮಚ ಶುಂಠಿ, ಕಾಲು ಚಮಚ ಲವಂಗ, ಅರ್ಧ ಚಮಚ ಉಪ್ಪು. 425 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಹದಿನೈದು ನಿಮಿಷ ಇಟ್ಟು, 350ಕ್ಕೆ ಇಳಿಸಿ ಇನ್ನು ನಲವತ್ತರಿಂದ ಐವತ್ತು ನಿಮಿಷ. ಪಕ್ಕದಲ್ಲೇ ಇಟ್ಟಿರುವ, ಸಕ್ಕರೆ ಮಸಾಲೆ ಮೊದಲೇ ಬೆರೆಸಿದ ಪೈ ಫಿಲ್ಲಿಂಗ್ ಡಬ್ಬಿಯನ್ನು ತಪ್ಪಿ ತಂದರೆ ಈ ಅಳತೆಯೆಲ್ಲ ಕೆಡುತ್ತದೆ. ನಡುಭಾಗ ಇನ್ನೂ ಗಿಣ್ಣಿನಂತೆ ಅಲುಗುತ್ತಿರುವಾಗಲೇ ಹೊರತೆಗೆಯಬೇಕು. ಪೂರ್ತಿ ಗಟ್ಟಿಯಾಗಲೆಂದು ಬಿಟ್ಟರೆ ಮೊಟ್ಟೆ ಬಿಗಿದುಕೊಂಡು ಮೇಲ್ಮೈ ಬಿರುಕು ಬಿಡುತ್ತದೆ.

ಹುರುಳಿಕಾಯಿ ಕ್ಯಾಸರೋಲ್ (ಎಲ್ಲವನ್ನೂ ಒಂದೇ ತಟ್ಟೆಯಲ್ಲಿ ಬೆರೆಸಿ ಓವನ್ನಿನಲ್ಲಿ ಬೇಯಿಸುವ ಪದಾರ್ಥ) ಅಜ್ಜಿಯರ ಕಾಲದ್ದು ಎಂದು ತೋರುತ್ತದೆ. ಅದು ಹುಟ್ಟಿದ್ದು ನ್ಯೂಜೆರ್ಸಿಯ ಕ್ಯಾಮ್ಡೆನ್ ಊರಿನ ಕ್ಯಾಂಪ್‌ಬೆಲ್ ಸೂಪ್ ಕಂಪನಿಯ ಪ್ರಯೋಗದ ಅಡುಗೆಮನೆಯಲ್ಲಿ, 1955ರಲ್ಲಿ. ಡಾರ್ಕಸ್ ರೈಲಿ ಎಂಬಾಕೆ, ಯಾವ ಮನೆಯಲ್ಲೂ ಸಿಗುವ ಸಾಮಾನಿನಲ್ಲಿ ಆಗಬೇಕು ಎಂದುಕೊಂಡು ಮಾಡಿದ ಪದಾರ್ಥ: ಬೇಯಿಸಿದ ಹುರುಳಿಕಾಯಿ, ಒಂದು ಡಬ್ಬಿ ಅಣಬೆ ಸೂಪ್, ಹಾಲು, ಸೋಯಾ ಸಾಸ್, ಮೆಣಸಿನ ಪುಡಿ, ಮೇಲೆ ಕರಿದ ಈರುಳ್ಳಿ. ಈರುಳ್ಳಿಯ ಬಹುಪಾಲನ್ನು ಕೊನೆಯ ಐದು ನಿಮಿಷಕ್ಕೆ ಮಾತ್ರ ಉದುರಿಸಬೇಕು, ಇಲ್ಲದಿದ್ದರೆ ಸೀದು ಕಹಿಯಾಗುತ್ತದೆ. ಆಲೂಗಡ್ಡೆಯನ್ನು ತಣ್ಣೀರಿನಿಂದಲೇ ಬೇಯಲು ಇಟ್ಟು ಕೈಯಲ್ಲೇ ಮಸೆಯಬೇಕು; ಮಿಕ್ಸಿಗೆ ಹಾಕಿದರೆ ಪಿಷ್ಟ ಹೊರಬಂದು ಗೋಂದಿನಂತಾಗುತ್ತದೆ.

ಕೋಳಿ ಓವನ್ನಿನಲ್ಲಿರುವ ಹೊತ್ತಿಗೆ ಟಿವಿಯಲ್ಲಿ ನ್ಯೂಯಾರ್ಕಿನಲ್ಲಿ ಮೇಸೀಸ್ ಎಂಬ ದೊಡ್ಡ ಅಂಗಡಿ ನಡೆಸುವ ಮೆರವಣಿಗೆ. 1924ರಲ್ಲಿ ಶುರುವಾದದ್ದು, ಹೀಲಿಯಂ ತುಂಬಿದ ದೈತ್ಯ ಬಲೂನುಗಳನ್ನು ಹಗ್ಗ ಹಿಡಿದ ಹತ್ತಾರು ಜನ ಬೀದಿಯಲ್ಲಿ ನಡೆಸಿಕೊಂಡು ಹೋಗುತ್ತಾರೆ. ಗಾಳಿ ಗಂಟೆಗೆ 23 ಮೈಲಿ ಮೀರಿ ಬೀಸುತ್ತಿದ್ದರೆ ಬಲೂನು ಏಳುವಂತಿಲ್ಲ. ಆಮೇಲೆ ಅಮೆರಿಕನ್ ಫುಟ್‌ಬಾಲ್. ಡೆಟ್ರಾಯಿಟ್ ತಂಡ 1934ರಿಂದಲೂ, ಡಲ್ಲಾಸ್ ತಂಡ 1966ರಿಂದಲೂ ಈ ದಿನ ತವರಿನಲ್ಲಿ ಆಡುವುದು ವಾಡಿಕೆ.

ನಾಲ್ಕನೇ ಗುರುವಾರವೇ ಯಾಕೆ ಎಂಬುದಕ್ಕೂ ಒಂದು ಹಿನ್ನೆಲೆ ಇದೆ. ಸಾರಾ ಜೋಸೆಫಾ ಹೇಲ್ ಎಂಬ ಪತ್ರಿಕಾ ಸಂಪಾದಕಿ ದಶಕಗಳ ಕಾಲ ಅಧ್ಯಕ್ಷರಿಗೂ ರಾಜ್ಯಪಾಲರಿಗೂ ಪತ್ರ ಬರೆದು, ಇಡೀ ದೇಶಕ್ಕೆ ಒಂದೇ ದಿನ ಗೊತ್ತುಮಾಡಿ ಎಂದು ಕೇಳುತ್ತಾ ಬಂದರು. ಅಂತರ್ಯುದ್ಧದ ನಡುವೆ, 1863ರ ಅಕ್ಟೋಬರ್ 3ರಂದು ಲಿಂಕನ್ ನವೆಂಬರಿನ ಕೊನೆಯ ಗುರುವಾರ ಎಂದು ಘೋಷಿಸಿದರು. 1939ರಲ್ಲಿ ಆ ತಿಂಗಳಿಗೆ ಐದು ಗುರುವಾರ ಬಂತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲದೆಂಬ ವರ್ತಕರ ಮಾತಿಗೆ ರೂಸ್‌ವೆಲ್ಟ್ ಒಂದು ವಾರ ಹಿಂದಕ್ಕೆ ತಂದರು. ರಾಜ್ಯಗಳು ಎರಡು ಪಾಲಾಗಿ ಹಬ್ಬ ಬೇರೆ ಬೇರೆ ವಾರ ನಡೆಯಿತು. 1941ರ ಡಿಸೆಂಬರಿನಲ್ಲಿ ನಾಲ್ಕನೇ ಗುರುವಾರ ಎಂದು ಕಾನೂನೇ ಆಯಿತು.

ಇದಕ್ಕೂ ಹಿಂದಿನದು 1621ರ ಕತೆ, ಶಾಲೆಯ ಮಕ್ಕಳು ಕಾಗದದ ಟೋಪಿ ಹಾಕಿಕೊಂಡು ಆಡುವುದು ಅದನ್ನೇ. ಇಂಗ್ಲೆಂಡಿನಿಂದ ಬಂದು ಪ್ಲಿಮತ್ತಿನಲ್ಲಿ ನೆಲೆಸಿದವರಲ್ಲಿ ಒಬ್ಬನಾದ ಎಡ್ವರ್ಡ್ ವಿನ್‌ಸ್ಲೋ ಆ ವರ್ಷ ಬರೆದ ಪತ್ರದಲ್ಲಿ ಇರುವುದು ಇಷ್ಟೇ: ಸುಗ್ಗಿಯಾದ ಮೇಲೆ ನಾಲ್ವರು ಹಕ್ಕಿ ಬೇಟೆಗೆ ಹೋದರು, ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ದೊರೆ ಮಸಾಸೊಯಿಟ್ ತೊಂಬತ್ತು ಜನರೊಂದಿಗೆ ಬಂದ, ಅವರು ಐದು ಜಿಂಕೆ ತಂದುಕೊಟ್ಟರು, ಮೂರು ದಿನ ಊಟ ನಡೆಯಿತು. ಆ ಮೇಜಿನಲ್ಲಿ ಪೈ ಇರಲಿಲ್ಲ, ಆಲೂಗಡ್ಡೆ ಇರಲಿಲ್ಲ. ವಾಂಪನೋಗ್ ಜನರ ಪಾಲಿಗೆ ಹಿಂದೆ ಮುಂದೆ ನಡೆದದ್ದೂ ಆ ಕತೆಯ ಭಾಗವೇ. ಆ ಊಟಕ್ಕೂ ಕೆಲವೇ ವರ್ಷ ಮೊದಲು ಹಡಗುಗಳೊಂದಿಗೆ ಬಂದ ರೋಗ ಅವರ ಹಳ್ಳಿಗಳನ್ನು ಬರಿದು ಮಾಡಿತ್ತು. ಪ್ಲಿಮತ್ ಎದ್ದದ್ದೇ ಅಂಥ ಬರಿದಾದ ಪಟುಕ್ಸೆಟ್ ಹಳ್ಳಿಯ ಮೇಲೆ. 1676ರಲ್ಲಿ ಮಸಾಸೊಯಿಟ್‌ನ ಮಗ ಮೆಟಾಕಾಮ್‌ನನ್ನು ಕೊಂದು, ತಲೆಯನ್ನು ಅದೇ ಪ್ಲಿಮತ್ತಿನಲ್ಲಿ ಕಂಬಕ್ಕೆ ಚುಚ್ಚಿ ವರ್ಷಗಟ್ಟಲೆ ಇಟ್ಟಿದ್ದರು. 1970ರಲ್ಲಿ, ಇಂಗ್ಲಿಷರು ಬಂದಿಳಿದ 350ನೇ ವರ್ಷದ ಸಮಾರಂಭಕ್ಕೆ ವಾಂಪನೋಗ್ ಮುಖಂಡ ವಾಮ್‌ಸುಟ್ಟಾ ಫ್ರ್ಯಾಂಕ್ ಜೇಮ್ಸ್ ಅವರನ್ನು ಮಾತನಾಡಲು ಕರೆದು, ಅವರು ಬರೆದ ಭಾಷಣ ನೋಡಿದ ಮೇಲೆ ಅದನ್ನು ಓದಲು ಬಿಡಲಿಲ್ಲ. ಆ ವರ್ಷದಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನವೂ ಪ್ಲಿಮತ್ತಿನ ಕೋಲ್ಸ್ ಹಿಲ್ ಮೇಲೆ, ಮಸಾಸೊಯಿಟ್ ಪ್ರತಿಮೆಯ ಬಳಿ ಮೂಲನಿವಾಸಿಗಳು ಶೋಕದಿನ ಆಚರಿಸುತ್ತಾರೆ. ಮಕ್ಕಳಿಗೆ ಹಬ್ಬದ ಕತೆ ಹೇಳುವ ಮನೆಗಳು ಇದನ್ನೂ ಹೇಳಬೇಕು, ಅವರ ವಯಸ್ಸಿಗೆ ತಕ್ಕ ಮಾತಿನಲ್ಲಿ.

2.45ಕ್ಕೆ ಕೋಳಿ ಹೊರಬಂತು. ಓವನ್ 350ಕ್ಕೆ ಏರಲಿ. ಸ್ಟಫಿಂಗ್, ಕ್ಯಾಸರೋಲ್, ಸಿಹಿಗೆಣಸು ಒಟ್ಟಿಗೆ ಒಳಗೆ ಹೋಗಲಿ. ಕೋಳಿ ಬೆಂದ ತಟ್ಟೆಯ ತಳದಲ್ಲಿ ಅಂಟಿದ ಕಂದು ರಸವೇ ಗ್ರೇವಿಯ ಜೀವ. ಮೂರು ದೊಡ್ಡ ಚಮಚ ಕೊಬ್ಬಿನಲ್ಲಿ ಅಷ್ಟೇ ಮೈದಾವನ್ನು ಹಸಿವಾಸನೆ ಹೋಗುವವರೆಗೆ ಹುರಿದು, ಮೂಳೆ ಕುದಿಸಿ ತೆಗೆದ ಎರಡು ಬಟ್ಟಲು ಬಿಸಿ ಸಾರನ್ನು ಸ್ವಲ್ಪಸ್ವಲ್ಪವೇ ಹೊಯ್ದು ಕಡೆಯುತ್ತಿದ್ದರೆ ಗಂಟಾಗುವುದಿಲ್ಲ. ಕತ್ತರಿಸುವಾಗ ಮೊದಲು ಕಾಲು, ತೊಡೆ. ಆಮೇಲೆ ಎದೆಯ ಒಂದೊಂದು ಪಕ್ಕವನ್ನು ಮೂಳೆಯಿಂದ ಇಡಿಯಾಗಿ ಬಿಡಿಸಿ, ಹಲಗೆಯ ಮೇಲಿಟ್ಟು, ನಾರಿಗೆ ಅಡ್ಡವಾಗಿ ಹೋಳು ಮಾಡಬೇಕು. ಉದ್ದಕ್ಕೆ ಸೀಳಿದರೆ ಚೆನ್ನಾಗಿ ಬೆಂದದ್ದೂ ಬಾಯಲ್ಲಿ ದಾರದಂತೆ ಸಿಗುತ್ತದೆ.

ಈ ಮೇಜಿಗೆ ಅತಿಥಿಯಾಗಿ ಹೋಗುವ ಸಸ್ಯಾಹಾರಿ ಕನ್ನಡಿಗರು, ಹೊಸದಾಗಿ ಹೋದ ವಿದ್ಯಾರ್ಥಿಗಳು ಮುಖ್ಯವಾಗಿ, ಕೆಲವು ವಿಷಯ ತಿಳಿದಿರಬೇಕು. ಮಾಂಸ ಕಣ್ಣಿಗೆ ಕಾಣದ ಕಡೆಯೂ ಇರುತ್ತದೆ. ಸ್ಟಫಿಂಗಿಗೆ ಹಾಕುವುದು ಸಾಮಾನ್ಯವಾಗಿ ಕೋಳಿ ಸಾರು. ಸಿಹಿಗೆಣಸಿನ ಮೇಲಿನ ಮಾರ್ಷ್‌ಮ್ಯಾಲೋ ಎಂಬ ಮೆತ್ತನೆಯ ಸಿಹಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಜೆಲಟಿನ್ ಇದೆ. ಪೈ ಹಿಟ್ಟಿಗೆ ಕೆಲವರು ಹಂದಿ ಕೊಬ್ಬು ಬೆರೆಸುತ್ತಾರೆ, ದಕ್ಷಿಣದಲ್ಲಿ ಸೊಪ್ಪು ಮತ್ತು ಹುರುಳಿಕಾಯಿ ಹಂದಿಮಾಂಸದೊಂದಿಗೆ ಬೇಯುತ್ತವೆ. ಕ್ರ್ಯಾನ್‌ಬೆರಿ ಸಾಸ್ ಗಟ್ಟಿಯಾಗುವುದು ಹಣ್ಣಿನ ಪೆಕ್ಟಿನ್‌ನಿಂದ, ಅದಕ್ಕೆ ಹೆದರಬೇಕಿಲ್ಲ. ಒಂದು ವಾರ ಮೊದಲೇ ಮನೆಯವರಿಗೆ ಹೇಳುವುದು ಮರ್ಯಾದೆ. ಊಟಕ್ಕೆ ಕೂತ ಮೇಲೆ ಹೇಳಿದರೆ ನಾಲ್ಕು ದಿನ ದುಡಿದವರ ಮನಸ್ಸು ನೋಯುತ್ತದೆ. ಜೊತೆಗೆ ಏನಾದರೂ ಒಯ್ಯಬೇಕು, ಅದಕ್ಕೆ ಓವನ್ನೂ ಒಲೆಯೂ ಬೇಡದಿರಬೇಕು. ಹೆಸರುಬೇಳೆ ಕೋಸಂಬರಿಗಿಂತ ಒಳ್ಳೆಯದು ಕಾಣೆ: ಬೆಣ್ಣೆಯಲ್ಲಿ ಅದ್ದಿದಂಥ ಆ ಊಟದ ನಡುವೆ ನಿಂಬೆಹುಳಿ, ಸೌತೆಕಾಯಿ, ಕೊತ್ತಂಬರಿ ಬಾಯನ್ನು ಹಗುರ ಮಾಡುತ್ತವೆ. ಎರಡು ಗಂಟೆ ನೆನೆಸಿದ ಬೇಳೆಯನ್ನು ಪೂರ್ತಿ ಬಸಿದು ಒಯ್ಯಿರಿ, ಉಪ್ಪನ್ನು ಅಲ್ಲಿ ಹೋಗಿ ಬಡಿಸುವ ಮುನ್ನ ಹಾಕಿ. ಮೊದಲೇ ಹಾಕಿದರೆ ಸೌತೆ ನೀರು ಬಿಟ್ಟು ಎಲ್ಲ ತೇಲುತ್ತದೆ. ಗೋಧಿ ತಿನ್ನದವರು ಆ ಮನೆಯಲ್ಲಿದ್ದರೆ ಒಗ್ಗರಣೆಯ ಇಂಗನ್ನು ಬಿಡಿ. ಅಂಗಡಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ.

ತಿನ್ನುವ ಮುಂಚೆ ಮೇಜಿನ ಸುತ್ತ ಒಬ್ಬೊಬ್ಬರೂ ಈ ವರ್ಷ ಯಾವುದಕ್ಕೆ ಕೃತಜ್ಞರು ಎಂದು ಹೇಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ಎರಡು ವಾಕ್ಯ ಸಾಕು. ಹತ್ತು ಜನ ಎರಡೆರಡು ನಿಮಿಷ ಮಾತಾಡಿದರೆ ಗ್ರೇವಿಗೆ ಕೆನೆ ಕಟ್ಟುತ್ತದೆ. ಹಾಗಾಗಿ ಬಲ್ಲ ಮನೆಗಳಲ್ಲಿ ಗ್ರೇವಿ ಫ್ಲಾಸ್ಕಿನಲ್ಲಿ ಕಾಯುತ್ತಿರುತ್ತದೆ.

ಊಟವಾದ ಮೇಲೆ ಎಲ್ಲರೂ ಸೋಫಾಕ್ಕೆ ಒರಗುವ ಮುಂಚೆ ಒಬ್ಬರು ಅಡುಗೆಮನೆಗೆ ಹೋಗಲೇಬೇಕು. ಬೆಂದದ್ದು ಹೊರಗಿರಬಹುದಾದ್ದು ಎರಡೇ ಗಂಟೆ. ಮಾಂಸವನ್ನೆಲ್ಲ ಮೂಳೆಯಿಂದ ಬಿಡಿಸಿ ಚಿಕ್ಕ ಡಬ್ಬಿಗಳಲ್ಲಿ ತುಂಬಿ ಫ್ರಿಜ್ಜಿಗಿಟ್ಟರೆ ಮೂರು ನಾಲ್ಕು ದಿನ ಬರುತ್ತದೆ. ಅತಿಥಿಗಳಿಗೂ ಒಂದೊಂದು ಡಬ್ಬಿ ಕಟ್ಟಿಕೊಡುತ್ತಾರೆ. ಉಳಿದ ಎಲುಬಿನ ಗೂಡನ್ನು ಮುರಿದು ಫ್ರಿಜ್ಜಿನಲ್ಲೇ ಇಟ್ಟು, ಶುಕ್ರವಾರ ದೊಡ್ಡ ಪಾತ್ರೆಗೆ ಹಾಕಿ ಈರುಳ್ಳಿ, ಕ್ಯಾರೆಟ್, ಸೆಲರಿ ದಂಟು, ಮುಳುಗುವಷ್ಟು ತಣ್ಣೀರು ಸೇರಿಸಿ ಮೂರು ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬಿಡುತ್ತಾರೆ. ಕೊತಕೊತ ಕುದಿಸಿದರೆ ಸಾರು ಕದಡುತ್ತದೆ. ಸೋಸಿ, ಅಗಲ ಪಾತ್ರೆಗಳಿಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಇಡಬೇಕು. ಶನಿವಾರ ಬೆಳಿಗ್ಗೆ ಅದು ಅಲುಗುವ ಮುದ್ದೆಯಾಗಿ ನಿಂತಿದ್ದರೆ ಮೂಳೆಯ ಸತ್ವ ಇಳಿದಿದೆ ಎಂದರ್ಥ. ಮೇಲೆ ಕಟ್ಟಿದ ಕೊಬ್ಬನ್ನು ಚಮಚದಿಂದ ಎತ್ತಿ, ಸಾರನ್ನು ಡಬ್ಬಿಗಳಿಗೆ ಹಾಕಿ, ತಾರೀಖು ಬರೆದು ಫ್ರೀಜರಿಗೆ ಇಡುತ್ತಾರೆ. ಒಂದು ವಾರದ ಹಿಂದೆ ಕೋಳಿ ಇದ್ದ ಜಾಗ ಖಾಲಿಯೇ ಇರುತ್ತದೆ.